ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ

ತಿರುಪತಿಯಿಂದ ವಾಪಸು ಬರುವಾಗ ಚಿತ್ತೂರು ದಾಟಿದ ಮೇಲೆ ಮೊಗಿಲಿ ಘಟ್ಟ. ಏರು ಹತ್ತುತ್ತಿದ್ದಂತೆ ಮೀಟರಿನ ಮುಳ್ಳು ಕೆಂಪು ಗೆರೆಗೆ ಬರುತ್ತದೆ. ದಾರಿಯಲ್ಲಿ ಸಿಕ್ಕ ನಲ್ಲಿಯ ನೀರು ತುಂಬಿಸಿ ಹೇಗೋ ಮುಳಬಾಗಿಲು ಸೇರುತ್ತೇವೆ. ಅವತ್ತಿನ ಕಷ್ಟ ಕಳೆಯಿತು, ನಿಜ. ಆದರೆ ಎಷ್ಟೋ ಸಲ ಕಾಯಿಲೆಯ ಬೇರು ಇರುವುದೇ ಆ ನೀರಿನಲ್ಲಿ.

ಸದಾ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಮೀರಿದ ಕೊಳವೆಬಾವಿಗಳು ಸಾಮಾನ್ಯ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕರಗಿರುತ್ತವೆ. ಕಾಯಿಸಿದರೆ ಅವು ಸುಣ್ಣದ ಪೊರೆಯಾಗಿ ಕೂರುತ್ತವೆ. ಬಚ್ಚಲುಮನೆಯ ಹಂಡೆಯ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿ. ಆ ಒರಟು ಬಿಳಿ ಪೊರೆಯೇ ರೇಡಿಯೇಟರಿನ ಒಂದೆರಡು ಮಿಲಿಮೀಟರ್ ಅಗಲದ ಕೊಳವೆಗಳಲ್ಲೂ ಕಟ್ಟುವುದು. ಅಲ್ಯೂಮಿನಿಯಂ ಸಾಗಿಸುವ ಶಾಖದ ನೂರರಲ್ಲೊಂದು ಪಾಲನ್ನಷ್ಟೇ ಅದು ಸಾಗಿಸಬಲ್ಲದು.

ಹಾಗೆಂದು ಪ್ರತಿ ಸಲವೂ ತಪ್ಪು ರೇಡಿಯೇಟರಿನದಲ್ಲ. ಎಂಜಿನ್ ಯಾವಾಗ ಕಾಯುತ್ತದೆ ಎಂಬುದನ್ನು ಮೊದಲು ಗಮನಿಸಿ. ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಕಾದು, ಹೆದ್ದಾರಿಗೆ ಬಂದೊಡನೆ ತಣಿದರೆ ಫ್ಯಾನ್ ತಿರುಗುತ್ತಿಲ್ಲ. ಅದರ ಫ್ಯೂಸ್, ರಿಲೇ, ಮೋಟಾರ್ ನೋಡಿಸಿ. ಏರಿನಲ್ಲಿ, ವೇಗದಲ್ಲಿ ಕಾದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು. ಎಂಜಿನ್ ಸುಡುತ್ತಿದ್ದರೂ ರೇಡಿಯೇಟರ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿರುವ ಸಂಭವ ಹೆಚ್ಚು. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಗಾಡಿಯನ್ನು ಒಂದು ಮೈಲಿಯೂ ಓಡಿಸಬೇಡಿ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ರೇಡಿಯೇಟರಿನ ಮುಚ್ಚಳದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಕೋಲಾರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಡುವುದರಿಂದ ಕುದಿಬಿಂದು 120ರ ಆಸುಪಾಸಿಗೆ ಏರುತ್ತದೆ. ಕಾದ ಎಂಜಿನ್ನಿನ ಮುಚ್ಚಳ ತಿರುಗಿಸಿದಿರೋ, ಒತ್ತಡ ಇಳಿದು ಒಳಗಿನ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಸ್ಪ್ರಿಂಗು ಸಡಿಲಾದ ಮುಚ್ಚಳವೂ ಎಂಜಿನ್ ಕುದಿಸುತ್ತದೆ. ಹೊಸದು ಹಾಕಿಸುವುದು ಅತಿ ಅಗ್ಗದ ರಿಪೇರಿ.

ಪೊರೆ ಕಟ್ಟಿದ ರೇಡಿಯೇಟರನ್ನು ಗ್ಯಾರೇಜಿನಲ್ಲಿ ಫ್ಲಶ್ ಮಾಡಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ ತುಂಬಿಸಿ. ಶ್ರೀನಿವಾಸಪುರದ ಮಾವಿನ ಲೋಡು ಹೊರುವ ಟೆಂಪೋ ಆಗಲಿ, ಮಾಲೂರಿನಿಂದ ದಿನಾ ಬೆಂಗಳೂರಿಗೆ ಹೋಗಿಬರುವ ಕಾರಾಗಲಿ, ಡಿಕ್ಕಿಯಲ್ಲಿ ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ಸದಾ ಇರಲಿ.