ಮೊದಲ ಲಿವರ್ ರೈಫಲ್: ಪಾಯಿಂಟ್ 22ರಿಂದಲೇ ಶುರುವಾಗಲಿ

ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಪರಿಚಿತವಾದ ಕೋವಿಯಿದು. ಟ್ರಿಗರ್ ಸುತ್ತಲಿನ, ಲಿವರ್ ಎಂಬ ಕಬ್ಬಿಣದ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಹಾರಿದ ತೋಟಾದ ಚಿಪ್ಪು ಹೊರಬಿದ್ದು ಹೊಸ ತೋಟಾ ನಳಿಕೆಯ ಬುಡ ಸೇರುತ್ತದೆ. ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ರೈಫಲ್ ವಿಂಚೆಸ್ಟರ್ ಕಂಪನಿಯ ಕೈಯಲ್ಲಿ ಬೆಳೆಯಿತು. ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿಯೊಂದೇ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಮೆರಿಕದ ಕಾಡುಗಳಲ್ಲಿ ಜಿಂಕೆ ಬೇಟೆಗೆ ಹೋಗುವವರು ಇಂದಿಗೂ ಇದನ್ನು ಬಿಟ್ಟಿಲ್ಲ. ಹೀಗಾಗಿ ಅಲ್ಲಿ ಮೊದಲ ಸಲ ಲಿವರ್ ರೈಫಲ್ ಕೊಳ್ಳುವವರ ಕಣ್ಣು ನೇರವಾಗಿ ಜಿಂಕೆ ಹೊಡೆಯುವ .30-30 ತೋಟಾದ ವಿಂಚೆಸ್ಟರ್ 94 ಅಥವಾ ಮಾರ್ಲಿನ್ 336ರ ಮೇಲೆ ಬೀಳುತ್ತದೆ. ಎರಡೂ ಒಳ್ಳೆಯ ಕೋವಿಗಳೇ. ಆದರೆ ಮೊದಲನೆಯದು ಪುಟ್ಟ .22 ತೋಟಾದ ಕೋವಿಯಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲಿವರ್ ರೈಫಲ್ಲಿನ ವಿದ್ಯೆಯೆಲ್ಲ ಕೈಯ ಅಭ್ಯಾಸದಲ್ಲಿದೆ. ಲಿವರ್ ಅನ್ನು ಕೊನೆಯವರೆಗೆ ತಳ್ಳದೆ ಅರ್ಧಕ್ಕೇ ಹಿಂದೆಳೆದರೆ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂಜರಿಯದೆ, ಅವಸರವನ್ನೂ ಮಾಡದೆ ಪೂರ್ತಿ ಆಡಿಸುವುದು ಸಾವಿರಾರು ಸಲ ಮಾಡಿದ ಮೇಲೆ ಮಾತ್ರ ಬರುತ್ತದೆ. .22ರ ಗುಂಡು ಸುಮಾರು ಎರಡೂವರೆ ಗ್ರಾಂ; .30-30ರದು ಹತ್ತು ಗ್ರಾಂ ಆಸುಪಾಸು, ವೇಗವೂ ಹೆಚ್ಚುಕಡಿಮೆ ಇಮ್ಮಡಿ. .30-30ರ ಹಗುರ ಕೋವಿ ಭುಜಕ್ಕೆ ಒದೆಯುವ ಒದೆತಕ್ಕೆ ಹೊಸಬರು ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುವುದನ್ನು ಕಲಿತುಬಿಡುತ್ತಾರೆ. ಒಮ್ಮೆ ಅಂಟಿದ ಆ ಚಾಳಿ ಬಿಡಿಸುವುದು ಬಹಳ ಕಷ್ಟ. .30-30 ತೋಟಾದ ಬೆಲೆಯೂ ಹಲವು ಪಟ್ಟು ಹೆಚ್ಚು. ದುಬಾರಿಯಾದಷ್ಟೂ ಅಭ್ಯಾಸ ಕಡಿಮೆಯಾಗುತ್ತದೆ.

ಇನ್ನೂ ದೊಡ್ಡ ಕಾರಣ ಸುರಕ್ಷತೆ. ವಿಂಚೆಸ್ಟರ್ 94ರಲ್ಲಾಗಲಿ ಮಾರ್ಲಿನ್ 336ರಲ್ಲಾಗಲಿ ತೋಟಾ ತುಂಬುವುದು ಪಕ್ಕದ ಪುಟ್ಟ ಬಾಗಿಲಿನಿಂದ. ಖಾಲಿ ಮಾಡಲು ಆ ದಾರಿಯಿಲ್ಲ. ಒಂದೊಂದು ತೋಟಾವನ್ನೂ ಲಿವರ್ ಆಡಿಸಿ ನಳಿಕೆಗೆ ಏರಿಸಿ, ಮತ್ತೆ ಹೊರಗೆ ಉದುರಿಸಬೇಕು. ಅಂದರೆ ಬೇಟೆ ಮುಗಿಸಿ ದಣಿದ ಹೊತ್ತಿನಲ್ಲಿ ಕೋವಿ ಮತ್ತೆ ಮತ್ತೆ ಹಾರಲು ಸಿದ್ಧವಾಗುತ್ತದೆ. ಹೆನ್ರಿ ಕಂಪನಿಯ .22ರಲ್ಲಿ ಹಾಗಲ್ಲ: ನಳಿಕೆಯ ಕೆಳಗಿನ ಕೊಳವೆಯೊಳಗಿನ ಹಿತ್ತಾಳೆ ನಳಿಗೆಯನ್ನು ತಿರುಗಿಸಿ ಎಳೆದು ಕೋವಿಯನ್ನು ಬಗ್ಗಿಸಿದರೆ ತೋಟಾಗಳು ಅಂಗೈಗೆ ಜಾರುತ್ತವೆ. ಆಮೇಲೆ ನಳಿಕೆಯಲ್ಲಿ ಒಂದು ಉಳಿದಿರಬಹುದು ಎಂದು ಲಿವರ್ ಆಡಿಸಿ ಕಣ್ಣಾರೆ ನೋಡಬೇಕು, ಬೆರಳಿಟ್ಟೂ ನೋಡಬೇಕು. ಹಳೆಯ ಲಿವರ್ ರೈಫಲ್‌ಗಳಲ್ಲಿ ಬೇರೆ ಸೇಫ್ಟಿಯೇ ಇಲ್ಲ. ಕೋವಿ ಹಾರದಂತೆ ಮಾಡಲು, ತೋಟಾ ಒಳಗಿರುವಾಗಲೇ ಹೆಬ್ಬೆರಳಿನಿಂದ ಹ್ಯಾಮರ್ (ಹಿಂಬದಿಯ ಸುತ್ತಿಗೆ) ಹಿಡಿದು, ಟ್ರಿಗರ್ ಎಳೆದು, ಮೆಲ್ಲಗೆ ಅರ್ಧಕ್ಕೆ ಇಳಿಸಬೇಕು. ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ. ಇದನ್ನು ಮೊದಲು ಖಾಲಿ ಕೋವಿಯಲ್ಲಿ, ಆಮೇಲೆ .22ರಲ್ಲಿ ಕಲಿತವರ ಕೈ ಹೆಚ್ಚು ಭದ್ರ.

‘.22ರಿಂದ ಜಿಂಕೆ ಹೊಡೆಯಲಾಗದು, ಹಾಗಾದರೆ ಎರಡೆರಡು ಕೋವಿಗೆ ದುಡ್ಡು ಸುರಿಯಬೇಕೇ?’ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಜಿಂಕೆಗೆ .22 ಸಲ್ಲದು. ಅದು ಪ್ರಾಣಿಗೆ ಚಿತ್ರಹಿಂಸೆ, ಅಲ್ಲಿನ ಹಲವು ರಾಜ್ಯಗಳಲ್ಲಿ ಅಪರಾಧವೂ ಹೌದು. ಆದರೆ ಗುರಿ ಕೂಡದವನ .30-30 ಕೂಡ ಪ್ರಾಣಿಯನ್ನು ಗಾಯಗೊಳಿಸಿ ಪೊದೆಯೊಳಗೆ ಸಾಯಲು ಬಿಡುತ್ತದೆ. ಮೇಲಾಗಿ .22 ಎಂದೂ ಮೂಲೆ ಸೇರುವುದಿಲ್ಲ. ಅಳಿಲು, ಮೊಲದ ಬೇಟೆಗೂ ಅಭ್ಯಾಸಕ್ಕೂ ವರ್ಷವಿಡೀ ಬೇಕು. ಹಳೆಯದೇ ಇಷ್ಟವಾದರೆ 1891ರ ಮಾದರಿಯಿಂದ ಬೆಳೆದು ಬಂದ ಮಾರ್ಲಿನ್ 39ಎ ಹುಡುಕಬಹುದು. ಒಂದು ತಿರುಪು ಸಡಿಲಿಸಿದರೆ ಎರಡು ಭಾಗವಾಗುವ ಅಚ್ಚುಕಟ್ಟು ಕೋವಿ ಅದು.

ದೊಡ್ಡ ಕೋವಿಗೆ ಹೋಗುವ ದಿನ ಎರಡು ಸಂಗತಿ ನೆನಪಿರಲಿ. ಹಳೆಯ ವಿಂಚೆಸ್ಟರ್ 94 ಚಿಪ್ಪನ್ನು ಮೇಲಕ್ಕೇ ಎಸೆಯುತ್ತದೆ, ಅದಕ್ಕೆ ದುರ್ಬೀನು ಕೂರಿಸುವುದು ತಾಪತ್ರಯ. ಮಾರ್ಲಿನ್ ಪಕ್ಕಕ್ಕೆ ಎಸೆಯುತ್ತದೆ. ಎರಡರಲ್ಲೂ ತೋಟಾಗಳು ಕೊಳವೆಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ತಾಗಿ ನಿಲ್ಲುವುದರಿಂದ ಗಟ್ಟಿ ಚೂಪು ತುದಿಯ ಗುಂಡು ಹಾಕಲೇಬಾರದು. ಒದೆತಕ್ಕೆ ಅದು ಮುಂದಿನ ತೋಟಾದ ಬುಡದ ಸಿಡಿಮದ್ದಿಗೆ ಚುಚ್ಚಬಹುದು. ಚಪ್ಪಟೆ ಮೂತಿಯದು ಅಥವಾ ಇದಕ್ಕೆಂದೇ ಮಾಡಿದ ಮೆತ್ತನೆ ತುದಿಯದು ಬೇಕು. ಅಲ್ಲಿಯವರೆಗೆ .22 ಸಾಕು. ಉಳಿದ ಹಣವನ್ನು ತೋಟಾಗಳಿಗೆ, ಕಿವಿರಕ್ಷೆಗೆ ಮತ್ತು ಬೀಗವಿರುವ ಕಪಾಟಿಗೆ ಹಾಕಿ.