ಆಟೋ ರಿನೀವಲ್ ಇದೆ ಅಂತ ನಾನು ನಿಶ್ಚಿಂತೆಯಾಗಿದ್ದೆ, ಸೈಟ್ ಮಾತ್ರ ಬಾಗಿಲು ಹಾಕಿತ್ತು!

ಈ ಸಲದ ಎಪಿಸೋಡ್ ಶುರುವಾಗೋದೇ ನನ್ನ ಒಂದು ಎಡವಟ್ಟಿನಿಂದ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹೊಸ ಎಪಿಸೋಡ್ ಹಾಕಿ, ಲಿಂಕನ್ನು ಎಲ್ಲ ಗ್ರೂಪ್‌ಗೂ ಕಳಿಸಿದೆ. ಹತ್ತೇ ನಿಮಿಷಕ್ಕೆ ಒಬ್ಬ ಕೇಳುಗರ ಮೆಸೇಜ್: "ಬ್ರೋ, ನಿಮ್ಮ ಸೈಟ್ ಹ್ಯಾಕ್ ಆಗಿದ್ಯಾ?" ತೆರೆದು ನೋಡಿದರೆ, ಈ ಕನೆಕ್ಷನ್ ಪ್ರೈವೇಟ್ ಅಲ್ಲ ಅನ್ನೋ ಎಚ್ಚರಿಕೆ. ಹ್ಯಾಕ್ ಆಗಿರಲಿಲ್ಲ. ಸೈಟ್‌ನ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಹಿಂದಿನ ರಾತ್ರಿ ಎಕ್ಸ್‌ಪೈರ್ ಆಗಿತ್ತು, ಅಷ್ಟೇ. ಪಾಡ್‌ಕಾಸ್ಟ್ ಫೀಡ್ ಕೂಡ ಅಲ್ಲೇ ಇದ್ದಿದ್ದರಿಂದ ಆ್ಯಪ್‌ಗಳಿಗೂ ಎಪಿಸೋಡ್ ಹೋಗಲಿಲ್ಲ. ಅದು ನನ್ನ ಮೊದಲ ಸ್ಪಾನ್ಸರ್ ದುಡ್ಡು ಕೊಟ್ಟಿದ್ದ ಎಪಿಸೋಡ್!

ಇದಕ್ಕೆ ಎಕ್ಸ್‌ಪೈರಿ ಯಾಕೆ?

ನೀವು ತೆರೆದಿರೋದು ಅದೇ ವಿಳಾಸದ ಅಸಲಿ ಸೈಟ್ ಅಂತ ಸರ್ಟಿಫಿಕೇಟ್ ಸಾಬೀತು ಮಾಡುತ್ತೆ. ನಿಮ್ಮ ಪಾಸ್‌ವರ್ಡ್ ದಾರಿಯಲ್ಲಿ ಯಾರಿಗೂ ಕಾಣದ ಹಾಗೆ ಗೂಢಲಿಪಿಯಾಗಿ ಹೋಗೋದಕ್ಕೂ ಅದೇ ಆಧಾರ. ಆದರೆ ಡೊಮೈನ್ ಕೈ ಬದಲಾಗಬಹುದು, ಕೀ ಕಳುವಾಗಬಹುದು. ಅದಕ್ಕೇ ಬ್ಯಾಂಕ್‌ನವರು ಆಗಾಗ ಕೆವೈಸಿ ಕೇಳೋ ಹಾಗೆ ಇದನ್ನೂ ಮತ್ತೆ ಮತ್ತೆ ಮಾಡಿಸಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಗಂಟೆಗಟ್ಟಲೆ ನಿಂತಿದ್ದು ಎಕ್ಸ್‌ಪೈರ್ ಆದ ಸರ್ಟಿಫಿಕೇಟ್‌ನಿಂದ. 2022ರ ಮೇ ಕೊನೆಯಲ್ಲಿ ಸ್ಪಾಟಿಫೈನ ಮೆಗಾಫೋನ್‌ನಲ್ಲಿ ಇದೇ ತಾಪತ್ರಯ. ಎಷ್ಟೋ ಪಾಡ್‌ಕಾಸ್ಟ್‌ಗಳು ಪ್ಲೇ ಆಗಲಿಲ್ಲ.

ಆಟೋ ರಿನೀವಲ್ ಹಾಕಿದ್ರೆ ಮುಗೀತಲ್ವಾ?

ನಾನೂ ಹಾಗೇ ಅಂದ್ಕೊಂಡಿದ್ದೆ. ರಿನೀವಲ್ ಆಗಿತ್ತು, ಹೊಸ ಫೈಲ್ ಸರ್ವರ್‌ಗೆ ಬಂದಿತ್ತು. ಆದರೆ ವೆಬ್ ಸರ್ವರ್ ರೀಲೋಡ್ ಆಗದೆ ಹಳೇ ಸರ್ಟಿಫಿಕೇಟನ್ನೇ ತೋರಿಸ್ತಾ ಇತ್ತು. ಬಿ.ಕಾಂ. ಭಾಷೇಲಿ ಹೇಳೋದಾದ್ರೆ, ಕ್ಯಾಶ್ ಬುಕ್‌ನಲ್ಲಿ ಎಂಟ್ರಿ ಇದೆ, ಗಲ್ಲಾಪೆಟ್ಟಿಗೆಯಲ್ಲಿ ದುಡ್ಡಿಲ್ಲ. ಪುಸ್ತಕ ನೋಡಿದರೆ ಸಾಲದು, ಗಲ್ಲಾ ತೆರೆದು ಎಣಿಸಬೇಕು.

ಆ ಎಣಿಕೆಯೇ ಮಾನಿಟರಿಂಗ್. ಈಗ ನಾನು ಮಾಡೋದು ಇಷ್ಟು:

1. ಮುಖ್ಯ ಸೈಟ್, ಫೀಡ್, ಪೇಮೆಂಟ್ ಪುಟ — ಎಲ್ಲ ವಿಳಾಸಗಳ ಪಟ್ಟಿ ಇಟ್ಟುಕೊಂಡಿದ್ದೀನಿ. ಒಂದೊಂದಕ್ಕೆ ಒಂದೊಂದು ಸರ್ಟಿಫಿಕೇಟ್ ಇರಬಹುದು.

2. ನನ್ನ ಸರ್ವರ್‌ನ ಹೊರಗಿರೋ ಒಂದು ಮಾನಿಟರಿಂಗ್ ಸೇವೆ ದಿನಾ ಸೈಟ್ ತೆರೆದು, ಬ್ರೌಸರ್‌ಗೆ ಕಾಣೋ ತಾರೀಖನ್ನೇ ಓದುತ್ತೆ.

3. ನನ್ನದು 90 ದಿನದ ಸರ್ಟಿಫಿಕೇಟ್. ಸುಮಾರು 30 ದಿನ ಉಳಿದಾಗಲೇ ರಿನೀವ್ ಆಗಬೇಕು. 20ಕ್ಕೆ ಇಳಿದರೆ ಎಲ್ಲೋ ಕೆಟ್ಟಿದೆ ಅಂತಲೇ ಅರ್ಥ, ಆಗ ಅಲರ್ಟ್ ಬರುತ್ತೆ.

4. ಅಲರ್ಟ್ ಇಬ್ಬರ ಫೋನ್‌ಗೆ ಹೋಗುತ್ತೆ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು ನೋಡ್ತಾರೆ.

ಇನ್ನು ಮುಂದೆ ಉದಾಸೀನ ನಡೆಯಲ್ಲ. 398 ದಿನ ಇದ್ದ ಗರಿಷ್ಠ ಅವಧಿಗೆ 2026ರ ಮಾರ್ಚ್ 15ರಿಂದ 200 ದಿನದ ಮಿತಿ. 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ ಬರೀ 47. ಉಚಿತವಾಗಿ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲೇ ಎಕ್ಸ್‌ಪೈರಿ ನೆನಪಿಸೋ ಮೇಲ್ ನಿಲ್ಲಿಸಿದೆ.

ಸೈಟ್ ಇಲ್ಲದವರಿಗೂ ಒಂದು ಮಾತು. ಆ ಎಚ್ಚರಿಕೆ ಬಂದರೆ "ಪರವಾಗಿಲ್ಲ, ಮುಂದುವರಿಸು" ಅಂತ ಒತ್ತಬೇಡಿ. ಪಾಸ್‌ವರ್ಡ್, ಒಟಿಪಿ, ಕಾರ್ಡ್ ನಂಬರ್ ಹಾಕೋ ಕಡೆಯಂತೂ ಬೇಡವೇ ಬೇಡ. ಅದು ಬರೀ ಮರೆವೋ, ಮಧ್ಯೆ ಕೂತ ಕಳ್ಳನೋ ಅಂತ ನಿಮಗೆ ಗೊತ್ತಾಗಲ್ಲ. ಸೈಟ್‌ನವರಿಗೆ ಒಂದು ಮೆಸೇಜ್ ಹಾಕಿ. ನನಗೆ ಹಾಕಿದವರ ಉಪಕಾರ ಇನ್ನೂ ಮರೆತಿಲ್ಲ.

ಆ ಸ್ಪಾನ್ಸರ್‌ಗೆ ಇನ್ನೊಂದು ಎಪಿಸೋಡ್ ಫ್ರೀಯಾಗಿ ಮಾಡಿಕೊಟ್ಟೆ. ನಷ್ಟದ ಖಾತೆಗೆ ಬರೆದುಕೊಂಡೆ. ಮುಂದಿನ ವಾರ ಸಿಗೋಣ.