ಡಬ್ಬಿಯೊಳಗೇ ಕೆಡುವ ಮದ್ದು

ಬಳಸಿದ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುವುದು ಅಮೆರಿಕದ ಬೇಟೆಗಾರರಲ್ಲಿ ಮಾಮೂಲು. ಅಜ್ಜ ಬಿಟ್ಟುಹೋದ ಮದ್ದಿನ ಡಬ್ಬಿ ಅಟ್ಟದಲ್ಲಿ ಸಿಕ್ಕಿದರೆ ಬಳಸಬಹುದೇ ಎಂಬ ಪ್ರಶ್ನೆಯೂ ಅಲ್ಲಿ ಮಾಮೂಲೇ. ಮೊದಲು ನೋಡಬೇಕಾದ್ದು, ಅದು ಯಾವ ಜಾತಿಯ ಮದ್ದು ಎಂಬುದನ್ನು.

ಹಳೆಯ ಕಾಲದ ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಬೆರಕೆ. ತೇವ ತಗಲದಿದ್ದರೆ ಅದು ತಲೆಮಾರುಗಟ್ಟಲೆ ಕೆಡದೆ ಉಳಿಯುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಎರಡು ಶತಮಾನ ಕಳೆದಿದ್ದರೂ ಅಲ್ಲಿನ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತು.

ಇಂದಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದಿನ ಸ್ವಭಾವವೇ ಬೇರೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಇದನ್ನು ಬಳಕೆಗೆ ತಂದರು. ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿದಾಗ ಸಿಗುವ ನೈಟ್ರೋಸೆಲ್ಯುಲೋಸ್ ಇದರ ಜೀವಾಳ. ಅದರ ಅಣುವಿನಲ್ಲಿ ನೈಟ್ರೋ ಗುಂಪುಗಳನ್ನು ಹಿಡಿದಿರುವ ಬಂಧ ಬಲು ದುರ್ಬಲ. ಡಬ್ಬಿ ಸುಮ್ಮನೆ ಕಪಾಟಿನಲ್ಲಿದ್ದರೂ ಆ ಬಂಧ ಅಲ್ಲೊಂದು ಇಲ್ಲೊಂದು ಮುರಿದು ನೈಟ್ರೋಜನ್ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ತೇವದೊಡನೆ ಸೇರಿ ಅದು ಆಮ್ಲವಾಗುತ್ತದೆ, ಆ ಆಮ್ಲ ಮತ್ತಷ್ಟು ಬಂಧಗಳನ್ನು ಮುರಿಯುತ್ತದೆ. ಜತೆಗೆ ಶಾಖವೂ ಹುಟ್ಟುತ್ತದೆ. ಅದು ಹೊರಹೋಗಲು ದಾರಿಯಿಲ್ಲದಷ್ಟು ಮದ್ದು ಒಂದೆಡೆ ರಾಶಿಬಿದ್ದಿದ್ದರೆ ಕಿಡಿ ಸೋಕದೆಯೂ ಹೊತ್ತಿಕೊಳ್ಳಬಹುದು.

ಫ್ರೆಂಚ್ ನೌಕಾಪಡೆ ಇದಕ್ಕೆ ಭಾರಿ ಬೆಲೆ ತೆತ್ತಿತು. ಟೂಲಾನ್ ಬಂದರಿನಲ್ಲಿ 1907ರಲ್ಲಿ ಇಯೆನಾ, 1911ರಲ್ಲಿ ಲಿಬರ್ಟೆ ಎಂಬ ಯುದ್ಧನೌಕೆಗಳು ಸ್ಫೋಟಗೊಂಡು ನೂರಾರು ಜನ ಸತ್ತರು. ಬೆರಳು ತೋರಿದ್ದು ಹಡಗಿನಲ್ಲಿ ಕೂಡಿಟ್ಟಿದ್ದ ಇದೇ ಬಗೆಯ ಮದ್ದಿನತ್ತ.

ಈಗ ಮದ್ದು ತಯಾರಿಸುವಾಗಲೇ ಡೈಫೀನೈಲ್ ಅಮೀನ್‌ನಂಥ ಸ್ಥಿರಕಾರಿಯನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಹೊರಬಿದ್ದ ಅನಿಲವನ್ನು ಅದು ಹೀರಿಕೊಳ್ಳುತ್ತದೆ, ಹೀರುತ್ತ ಹೀರುತ್ತ ತಾನೇ ಮುಗಿದುಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ ಇದೆಲ್ಲ ಚುರುಕಾಗುತ್ತದೆ. ತಂಪಾದ, ಒಣಗಿದ ಜಾಗದಲ್ಲಿ ದಶಕಗಟ್ಟಲೆ ಬಾಳುವ ಮದ್ದು ಬಿಸಿಲಿಗೆ ಕಾಯುವ ತಗಡಿನ ಷೆಡ್ಡಿನಲ್ಲಿ ಬಹುಬೇಗ ಮುಪ್ಪಾಗುವುದು ಇದರಿಂದಲೇ. ಡಬ್ಬಿಯ ಮೇಲಿನ ವರ್ಷವೊಂದನ್ನೇ ನಂಬುವಂತಿಲ್ಲ.

ಒಳ್ಳೆಯ ಮದ್ದಿಗೆ ಈಥರಿನಂಥ ದ್ರಾವಕದ ನಸುವಾಸನೆ ಇರುತ್ತದೆ. ಕೆಟ್ಟದ್ದಾದರೆ ಮುಚ್ಚಳ ತೆಗೆದೊಡನೆ ಮೂಗಿಗೆ ಆಮ್ಲದ ಘಾಟು ಹೊಡೆಯುತ್ತದೆ. ಕಾಳುಗಳ ಮೇಲೆ ತುಕ್ಕಿನ ಬಣ್ಣದ ಹುಡಿ, ಮುಚ್ಚಳದ ಒಳಗೆ ತುಕ್ಕು, ಕೆಲವೊಮ್ಮೆ ಕೆಂಗಂದು ಹೊಗೆ ಕಾಣುತ್ತದೆ. ಇಂಥದ್ದನ್ನು ತುಂಬಿಟ್ಟ ತೋಟಾದಲ್ಲಿ ಆಮ್ಲ ಹಿತ್ತಾಳೆಯನ್ನೂ ಒಳಗಿಂದ ತಿನ್ನುತ್ತದೆ.

ಹಳೆಯ ಮದ್ದು ಶಕ್ತಿ ಕಳೆದುಕೊಂಡು ಸಪ್ಪೆಯಾಗುತ್ತದಷ್ಟೇ ಎಂಬ ನಂಬಿಕೆ ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ. ಕಾಳು ಎಷ್ಟು ವೇಗವಾಗಿ ಉರಿಯಬೇಕೆಂಬುದನ್ನು ಹತೋಟಿಯಲ್ಲಿಡುವ ಹೊರಲೇಪ ಕೆಟ್ಟಿದ್ದರೆ, ಅಷ್ಟೇ ತೂಕದ ಮದ್ದು ಮೊದಲಿಗಿಂತ ಬೇಗ ಉರಿದು ಕೋವಿಯೊಳಗಿನ ಒತ್ತಡ ಏರಬಹುದು. ಲೇಬಲ್ ಕಿತ್ತುಹೋದ ಡಬ್ಬಿಯಂತೂ ಇನ್ನೂ ಅಪಾಯ: ಪಿಸ್ತೂಲಿನ ಮದ್ದೂ ರೈಫಲ್ಲಿನ ಮದ್ದೂ ಕಣ್ಣಿಗೆ ಒಂದೇ ಥರ ಕಾಣಬಹುದು, ಉರಿಯುವ ವೇಗದಲ್ಲಿ ಮಾತ್ರ ಅಜಗಜಾಂತರ.

ಸೇನೆಗಳು ದಾಸ್ತಾನಿನ ಮಾದರಿ ತೆಗೆದು ಸ್ಥಿರಕಾರಿ ಎಷ್ಟು ಉಳಿದಿದೆಯೆಂದು ಪ್ರಯೋಗಾಲಯದಲ್ಲಿ ಅಳೆಯುತ್ತವೆ. ಮನೆಯಲ್ಲಿ ಆ ಅಳತೆ ಆಗದು. ಸ್ಥಿರಕಾರಿ ಬಹುಪಾಲು ಮುಗಿಯುವವರೆಗೂ ಘಾಟು ಏಳದಿರಬಹುದಾದ್ದರಿಂದ, ಮೂಗಿಗೆ ಸರಿಯೆನಿಸಿದ ಡಬ್ಬಿಯೂ ಕೊನೆಯ ಹಂತದಲ್ಲಿರಬಹುದು.